ಯುದ್ಧ ನಿಲ್ಲಿಸಲು ಸಂವಿಧಾನ ತಿದ್ದುವುದಾದರೆ ಯಾವ ದಾರಿ? ಒಂದು ಹೋಲಿಕೆ

1986ರ ನವೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಸಾರ್ಕ್ ಶೃಂಗಸಭೆ ನಡೆಯಿತು. ಶ್ರೀಲಂಕಾದ ಅಧ್ಯಕ್ಷ ಜೆ.ಆರ್. ಜಯವರ್ಧನೆ ಬಂದಿದ್ದರು. ಅದೇ ಹೊತ್ತಿಗೆ ಎಲ್‌ಟಿಟಿಇ ಮುಖಂಡ ವೇಲುಪಿಳ್ಳೈ ಪ್ರಭಾಕರನ್ ಅವರನ್ನು ರಾಜೀವ್ ಗಾಂಧಿ ಸರ್ಕಾರ ಮದ್ರಾಸಿನಿಂದ ವಿಮಾನದಲ್ಲಿ ಇಲ್ಲಿಗೆ ಕರೆತಂದಿತು. ಮುಂದಿಟ್ಟ ಸೂತ್ರ ಹೀಗಿತ್ತು: ಶ್ರೀಲಂಕಾದ ಪೂರ್ವ ಪ್ರಾಂತ್ಯವನ್ನು ಮೂರು ಪಾಲು ಮಾಡುವುದು, ತಮಿಳರು ಹೆಚ್ಚಿರುವ ಪಾಲಿಗೆ ಸ್ವಾಯತ್ತತೆ ಕೊಡುವುದು. ಉತ್ತರ ಮತ್ತು ಪೂರ್ವ ಒಂದೇ ನೆಲ, ಅದನ್ನು ಕತ್ತರಿಸುವಂತಿಲ್ಲ ಎಂದು ಪ್ರಭಾಕರನ್ ಪಟ್ಟು ಹಿಡಿದರು. ಮಾತು ಮುರಿಯಿತು.

ಅದಕ್ಕೆ ಐದು ತಿಂಗಳ ಹಿಂದೆ, ಜೂನ್ 30ರಂದು, ಅದೇ ರಾಜೀವ್ ಗಾಂಧಿ ಸರ್ಕಾರ ಇಪ್ಪತ್ತು ವರ್ಷ ಕಾಡಿನಲ್ಲಿದ್ದ ಮಿಜೋ ಬಂಡುಕೋರರ ಜೊತೆ ಒಪ್ಪಂದ ಮಾಡಿಕೊಂಡಿತ್ತು. ಅದರ ಫಲವಾಗಿ ನಮ್ಮ ಸಂವಿಧಾನಕ್ಕೆ 53ನೇ ತಿದ್ದುಪಡಿ ಬಂತು. ಮರುವರ್ಷ ಶ್ರೀಲಂಕಾದ ಸಂವಿಧಾನಕ್ಕೆ 13ನೇ ತಿದ್ದುಪಡಿ ಬಂತು. ಪ್ರಧಾನಿ ಒಬ್ಬರೇ, ಕಾಲ ಹೆಚ್ಚುಕಡಿಮೆ ಒಂದೇ, ಮದ್ದೂ ಮೇಲ್ನೋಟಕ್ಕೆ ಒಂದೇ. ಮಿಜೋರಾಂನಲ್ಲಿ ಬಂದೂಕು ಸುಮ್ಮನಾಯಿತು. ಶ್ರೀಲಂಕಾದಲ್ಲಿ ಮತ್ತೆ ಇಪ್ಪತ್ತೆರಡು ವರ್ಷ ಯುದ್ಧ ನಡೆಯಿತು, ರಾಜೀವ್ ಗಾಂಧಿಯವರ ಪ್ರಾಣವನ್ನೂ ಅದು ತೆಗೆದುಕೊಂಡಿತು.

ಎಲ್ಲಾದರೂ ಶಾಂತಿ ಮಾತುಕತೆ ಶುರುವಾದಾಗ 'ಸಂವಿಧಾನದ ಚೌಕಟ್ಟಿನಲ್ಲೇ ಪರಿಹಾರ' ಎಂಬ ಮಾತು ಕೇಳಿಬರುತ್ತದೆ. ಆ ಚೌಕಟ್ಟು ಒಂದೇ ಬಗೆಯದಲ್ಲ. ಕನಿಷ್ಠ ನಾಲ್ಕು ದಾರಿಗಳಿವೆ, ಒಂದೊಂದೂ ಬೇರೆ ಊರಿಗೆ ಹೋಗುತ್ತದೆ. ರಾಜ್ಯಶಾಸ್ತ್ರ ಓದುವವರಿಗೆ, ಪರೀಕ್ಷೆಗೆ ಕೂರುವವರಿಗೆ, ಅಥವಾ ಸುದ್ದಿ ನೋಡಿ ಇದು ನಿಲ್ಲುತ್ತದೋ ಇಲ್ಲವೋ ಎಂದು ತೂಗಿ ನೋಡಬಯಸುವವರಿಗೆ ಈ ಹೋಲಿಕೆ. ಇಡೀ ಬರಹದಲ್ಲಿ ನಾನು ಎರಡೇ ಪ್ರಶ್ನೆ ಹಿಡಿದು ಹೋಗುತ್ತೇನೆ. ಬರೆಯುವಾಗ ಎದುರಿಗೆ ಯಾರು ಕೂತಿದ್ದರು? ಬರೆದುಕೊಟ್ಟದ್ದನ್ನು ಮತ್ತೆ ಕಿತ್ತುಕೊಳ್ಳುವ ಬೀಗದ ಕೈ ಯಾರ ಸೊಂಟದಲ್ಲಿ ಉಳಿಯಿತು?

ಮೊದಲ ದಾರಿ: ಇರುವ ಸಂವಿಧಾನದಲ್ಲೇ ವಿಶೇಷ ವಿಧಿ

ಕಲ್ಯಾಣ ಕರ್ನಾಟಕದವರಿಗೆ 371 ಜೆ ಎಂದರೇನೆಂದು ಯಾರೂ ಹೇಳಿಕೊಡಬೇಕಿಲ್ಲ. ವೈಜನಾಥ ಪಾಟೀಲರಂಥವರು ವರ್ಷಗಟ್ಟಲೆ ಹೋರಾಡಿದ ಮೇಲೆ 98ನೇ ತಿದ್ದುಪಡಿಯಾಗಿ ಬಂದ ವಿಧಿ ಅದು. ಕಾಲೇಜು ಸೀಟು, ಸರ್ಕಾರಿ ನೌಕರಿ, ಅಭಿವೃದ್ಧಿ ಮಂಡಳಿ ಎಂದರೆ ಜನರಿಗೆ ಅದೇ ನೆನಪಾಗುತ್ತದೆ. ನಾಗಾಲ್ಯಾಂಡಿನ 371 ಎ, ಮಿಜೋರಾಂನ 371 ಜಿ ಅದೇ ಮನೆತನದವು, ಸ್ವಭಾವ ಮಾತ್ರ ಬೇರೆ. ನಮ್ಮ 371 ಜೆ ಹಿಂದುಳಿದ ಪ್ರದೇಶಕ್ಕೆ ಪಾಲು ಕೊಡುತ್ತದೆ. ಆ ಎರಡು ವಿಧಿಗಳು ತಡೆಯುವ ಅಧಿಕಾರ ಕೊಡುತ್ತವೆ. ಮಿಜೋಗಳ ಧರ್ಮಾಚರಣೆ, ಸಾಮಾಜಿಕ ಪದ್ಧತಿ, ರೂಢಿಯ ಕಾನೂನು, ಭೂಮಿಯ ಒಡೆತನ ಮತ್ತು ಪರಭಾರೆ ಕುರಿತು ಸಂಸತ್ತು ಮಾಡುವ ಕಾನೂನು ಅಲ್ಲಿನ ವಿಧಾನಸಭೆ ನಿರ್ಣಯ ಮಾಡಿ ಒಪ್ಪದ ಹೊರತು ಅಲ್ಲಿ ಜಾರಿಯಾಗುವುದಿಲ್ಲ. ನಾಗಾಲ್ಯಾಂಡಿನ ವಿಧಿಯಲ್ಲಿ ಭೂಮಿಯ ಜೊತೆಗೆ 'ಅದರ ಸಂಪನ್ಮೂಲಗಳು' ಎಂಬ ಮಾತೂ ಇದೆ, ಮಿಜೋರಾಂನದರಲ್ಲಿ ಇಲ್ಲ. ಒಂದು ಪದ ಬಿಟ್ಟರೆ ಗಣಿ, ತೈಲದ ಮಾತು ಬಂದಾಗ ಎಷ್ಟು ಹೋಗುತ್ತದೆ ಎಂಬುದನ್ನು ಕರಡು ಓದುವವರು ಮರೆಯಬಾರದು.

ಹಾಗಾದರೆ ಬಲವಾದ ವಿಧಿ ಪಡೆದ ನಾಗಾಲ್ಯಾಂಡಿನಲ್ಲೇ ಶಾಂತಿ ಮೊದಲು ಬರಬೇಕಿತ್ತು. ಆಗಿದ್ದು ತಿರುಗಾಮುರುಗಾ.

1960ರಲ್ಲಿ ದೆಹಲಿ 16 ಅಂಶಗಳ ಒಪ್ಪಂದ ಮಾಡಿಕೊಂಡದ್ದು ನಾಗಾ ಪೀಪಲ್ಸ್ ಕನ್ವೆನ್ಷನ್ ಜೊತೆ. ಆಯುಧ ಹಿಡಿದಿದ್ದದ್ದು ಫಿಜೋ ಅವರ ನಾಗಾ ನ್ಯಾಷನಲ್ ಕೌನ್ಸಿಲ್. ಹೋರಾಡುವವರನ್ನು ಹೊರಗಿಟ್ಟು ಮಾತಿಗೆ ಸಿಕ್ಕವರ ಜೊತೆ ಕೂತು ಬರೆದದ್ದು ನಮ್ಮ ಸಂವಿಧಾನದ 13ನೇ ತಿದ್ದುಪಡಿಯಾಯಿತು, 1963ರ ಡಿಸೆಂಬರ್ 1ರಂದು ರಾಜ್ಯವೂ ಆಯಿತು. ಕಾಡಿನಲ್ಲಿದ್ದವರು ಇದು ನಮಗೆ ಸಂಬಂಧಿಸಿದ್ದಲ್ಲ ಎಂದರು. 1975ರಲ್ಲಿ ಶಿಲ್ಲಾಂಗ್ ಒಪ್ಪಂದ ಆಯಿತು, ಅದನ್ನು ಒಪ್ಪದವರು 1980ರಲ್ಲಿ ಎನ್‌ಎಸ್‌ಸಿಎನ್ ಎಂಬ ಬೇರೆ ಬಂಡುಕೋರ ಸಂಘಟನೆ ಕಟ್ಟಿದರು, 1988ರಲ್ಲಿ ಅದೂ ಒಡೆಯಿತು, 1997ರಲ್ಲಿ ಕದನವಿರಾಮ, 2015ರ ಆಗಸ್ಟ್ 3ರಂದು ಚೌಕಟ್ಟಿನ ಒಪ್ಪಂದ. ಪ್ರತ್ಯೇಕ ಧ್ವಜ, ಪ್ರತ್ಯೇಕ ಸಂವಿಧಾನದ ಪ್ರಶ್ನೆ ಅಲ್ಲೇ ಸಿಕ್ಕಿಕೊಂಡಿತು.

ಮಿಜೋರಾಂನಲ್ಲಿ ಸಹಿ ಹಾಕಿದವರು ಲಾಲ್‌ಡೆಂಗಾ. 1959ರ ಬಿದಿರು ಹೂಬಿಟ್ಟ ಬರಗಾಲದಲ್ಲಿ, ಮಿಜೋಗಳು 'ಮೌತಮ್' ಎನ್ನುವ ಆ ಇಲಿಕಾಟದ ವರ್ಷಗಳಲ್ಲಿ, ಪರಿಹಾರ ಹಂಚಲು ಹುಟ್ಟಿದ ಸಂಘವನ್ನೇ ಮಿಜೋ ನ್ಯಾಷನಲ್ ಫ್ರಂಟ್ (ಎಂಎನ್‌ಎಫ್) ಆಗಿ ಬೆಳೆಸಿದವರು. 1966ರ ಮಾರ್ಚ್ 5ರಂದು ನಮ್ಮದೇ ವಾಯುಪಡೆ ಐಜಾಲ್ ಮೇಲೆ ದಾಳಿ ಮಾಡಿತ್ತು. ಹಳ್ಳಿಹಳ್ಳಿಗಳನ್ನು ಎಬ್ಬಿಸಿ ರಸ್ತೆ ಬದಿಯ ಶಿಬಿರಗಳಿಗೆ ತುಂಬಲಾಗಿತ್ತು. ಇಷ್ಟೆಲ್ಲ ಆದ ಮೇಲೂ ಸಂಧಾನ ನಿಂತದ್ದಕ್ಕೆ ಮೂರು ಕಾರಣ ಕಾಣುತ್ತವೆ. ಆಯುಧ ಯಾರ ಕೈಯಲ್ಲಿತ್ತೋ ಅವರೇ ಸಹಿ ಹಾಕಿದರು. ಮುಖ್ಯಮಂತ್ರಿಯಾಗಿದ್ದ ಕಾಂಗ್ರೆಸ್‌ನ ಲಾಲ್ ಥನ್ಹಾವ್ಲಾ ತಮ್ಮ ಕುರ್ಚಿ ಬಿಟ್ಟುಕೊಟ್ಟು ಲಾಲ್‌ಡೆಂಗಾ ಅವರನ್ನು ಕೂರಿಸಿದರು. ನಮ್ಮ ರಾಜಕಾರಣದಲ್ಲಿ ಇಂಥದ್ದು ಎಷ್ಟು ಸಲ ಆಗಿದೆ ಎಂದು ಯೋಚಿಸಿದಾಗಲೆಲ್ಲ ಆ ಮನುಷ್ಯನ ಬಗ್ಗೆ ಗೌರವ ಮೂಡುತ್ತದೆ. ಮೂರನೆಯದು, ತಿದ್ದುಪಡಿ ಎರಡೂ ಕಡೆ ಆಯಿತು: ಭಾರತದ ಸಂವಿಧಾನಕ್ಕೆ 371 ಜಿ ಸೇರಿತು, ದೇಶದ ಕಾನೂನಿಗೆ ಹೊಂದುವಂತೆ ಎಂಎನ್‌ಎಫ್ ಕೂಡ ತನ್ನ ನಿಯಮಾವಳಿಯನ್ನು ತಿದ್ದಿಕೊಳ್ಳಬೇಕೆಂಬುದು ಒಪ್ಪಂದದಲ್ಲೇ ಇತ್ತು. ಬಹುಕಾಲ ಬಳಲಿದ್ದ ಜನ, ಅವರ ಜೊತೆ ನಿಂತ ಚರ್ಚ್, ಇವೂ ಬೆನ್ನಿಗಿದ್ದವು.

ಕಲೆಯಿಲ್ಲದ ಕಥೆ ಇದೂ ಅಲ್ಲ. 1997ರಲ್ಲಿ ಸಾವಿರಾರು ಬ್ರೂ ಕುಟುಂಬಗಳು ಮಿಜೋರಾಂನಿಂದ ತ್ರಿಪುರಕ್ಕೆ ಓಡಬೇಕಾಯಿತು. ಅವರಿಗೆ ತ್ರಿಪುರದಲ್ಲೇ ನೆಲೆ ಕೊಡುವ ಒಪ್ಪಂದ ಆದದ್ದು 2020ರ ಜನವರಿಯಲ್ಲಿ. ಒಂದು ಸಮುದಾಯಕ್ಕೆ ಅದರ ನೆಲವನ್ನು ಬರೆದುಕೊಟ್ಟಾಗ ಆ ನೆಲದ ಮೇಲಿರುವ ಇನ್ನೂ ಸಣ್ಣವರ ಗತಿ ಏನು ಎಂಬುದು ವಿಶೇಷ ವಿಧಿಯ ದಾರಿಯ ಖಾಯಂ ಕುತ್ತು.

ಇನ್ನು ಶ್ರೀಲಂಕಾ. ಅಲ್ಲಿ ನಂಬಿಕೆ ಎಷ್ಟು ಹಿಂದೆಯೇ ಸತ್ತಿತ್ತು ಎಂದು ತಿಳಿಯಲು 1957ಕ್ಕೆ ಹೋಗಬೇಕು. ಪ್ರಧಾನಿ ಬಂಡಾರನಾಯಕೆ ತಮಿಳು ನಾಯಕ ಚೆಲ್ವನಾಯಕಂ ಜೊತೆ ಪ್ರಾದೇಶಿಕ ಮಂಡಳಿಗಳ ಒಪ್ಪಂದಕ್ಕೆ ಸಹಿ ಹಾಕಿದರು. ಬೌದ್ಧ ಭಿಕ್ಷುಗಳ ಪ್ರತಿಭಟನೆಗೆ ಮಣಿದು ಮರುವರ್ಷ ಅದನ್ನು ಕೈಬಿಟ್ಟರು. 1965ರಲ್ಲಿ ಡಡ್ಲಿ ಸೇನಾನಾಯಕೆ ಮಾಡಿಕೊಂಡ ಒಪ್ಪಂದಕ್ಕೂ ಅದೇ ಗತಿ. 1983ರ ಜುಲೈನ ತಮಿಳರ ಹತ್ಯಾಕಾಂಡದ ಬೆನ್ನಲ್ಲೇ 6ನೇ ತಿದ್ದುಪಡಿ ಬಂತು. ಪ್ರತ್ಯೇಕತೆಯನ್ನು ಬೆಂಬಲಿಸುವುದಿಲ್ಲ ಎಂದು ಸಂಸದರು ಪ್ರಮಾಣ ಮಾಡಬೇಕೆಂದಾಗ ತಮಿಳರ ಚುನಾಯಿತ ಪ್ರತಿನಿಧಿಗಳು ಸಂಸತ್ತಿನಿಂದಲೇ ಹೊರಬಿದ್ದರು. ಮಾತಾಡಬಲ್ಲವರನ್ನು ಓಡಿಸಿದ ಮೇಲೆ ಉಳಿದವರು ಬಂದೂಕಿನವರು. ಸಂವಿಧಾನ ತಿದ್ದುಪಡಿ ಯುದ್ಧ ನಿಲ್ಲಿಸಬಲ್ಲದು ಎಂದು ನಂಬುವವರು ಅದು ಯುದ್ಧ ಬೆಳೆಸಲೂ ಬಲ್ಲದು ಎನ್ನುವುದಕ್ಕೆ ಈ 6ನೇ ತಿದ್ದುಪಡಿಯನ್ನು ನೋಡಬೇಕು.

1987ರ ಜುಲೈ 29ರ ಭಾರತ–ಶ್ರೀಲಂಕಾ ಒಪ್ಪಂದಕ್ಕೆ ಸಹಿ ಹಾಕಿದವರು ರಾಜೀವ್ ಮತ್ತು ಜಯವರ್ಧನೆ. ಜಗಳ ಯಾರ ನಡುವೆಯೋ, ಸಹಿ ಯಾರ ನಡುವೆಯೋ. ನವೆಂಬರ್‌ನಲ್ಲಿ ಬಂದ 13ನೇ ತಿದ್ದುಪಡಿ ಪ್ರಾಂತೀಯ ಮಂಡಳಿಗಳನ್ನು ಕೊಟ್ಟಿತು. ಓದಲು ನಮ್ಮ ರಾಜ್ಯಪಟ್ಟಿ, ಕೇಂದ್ರಪಟ್ಟಿಯ ಹಾಗೇ ಇದೆ. ಆದರೆ ಕೇಂದ್ರದ ಪಟ್ಟಿಯಲ್ಲಿ 'ಎಲ್ಲ ವಿಷಯಗಳ ರಾಷ್ಟ್ರೀಯ ನೀತಿ' ಎಂಬ ಒಂದು ಸಾಲಿದೆ. ಆ ಒಂದು ಸಾಲಿನಿಂದ ಕೊಟ್ಟದ್ದರಲ್ಲಿ ಯಾವುದನ್ನಾದರೂ ಹಿಂದಕ್ಕೆ ಎಳೆದುಕೊಳ್ಳಬಹುದು. ಪ್ರಾಂತ್ಯದ ಗವರ್ನರ್ ಅಧ್ಯಕ್ಷರು ನೇಮಿಸಿದವರು. ಒಂಬತ್ತು ನ್ಯಾಯಮೂರ್ತಿಗಳ ಪೀಠ ಈ ತಿದ್ದುಪಡಿಯನ್ನು ಕೂದಲೆಳೆಯ ಅಂತರದಲ್ಲಿ ದಾಟಿಸಿತು, ಅದೂ ಎಂಥ ಕಾರಣ ಕೊಟ್ಟು: ಮಂಡಳಿಗಳು ಸಂಸತ್ತಿನ ಅಧೀನವೇ ಆಗಿರುವುದರಿಂದ ಶ್ರೀಲಂಕಾ ಏಕಾತ್ಮಕ ದೇಶ ಎಂಬುದಕ್ಕೆ ಧಕ್ಕೆ ಇಲ್ಲ. ತಿದ್ದುಪಡಿ ಉಳಿದದ್ದೇ ಅದು ದುರ್ಬಲ ಎಂಬ ಕಾರಣಕ್ಕೆ.

ಪೊಲೀಸ್ ಮತ್ತು ಭೂಮಿಯ ಅಧಿಕಾರ ಕಾಗದದಲ್ಲಿದೆ, ಪ್ರಾಂತ್ಯಗಳ ಕೈಗೆ ಬರಲೇ ಇಲ್ಲ. ತಾತ್ಕಾಲಿಕವಾಗಿ ಕೂಡಿಸಿದ್ದ ಉತ್ತರ ಮತ್ತು ಪೂರ್ವವನ್ನು 2006ರಲ್ಲಿ ಸುಪ್ರೀಂ ಕೋರ್ಟ್ ಬೇರೆ ಮಾಡಿತು. ಯುದ್ಧ ಮುಗಿದು ನಾಲ್ಕು ವರ್ಷಕ್ಕೆ, 2013ರಲ್ಲಿ, ಉತ್ತರದ ಮಂಡಳಿಗೆ ಚುನಾವಣೆ ನಡೆದು ವಿಘ್ನೇಶ್ವರನ್ ಮುಖ್ಯಮಂತ್ರಿಯಾದರು. 2018ರ ಅಕ್ಟೋಬರ್‌ನಲ್ಲಿ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ಇಲ್ಲ. ಮೂಗಿಗೆ ತುಪ್ಪ ಸವರುವುದು ಎಂದರೆ ಇದು. ಎಲ್‌ಟಿಟಿಇ ಮಾಡಿದ ಹತ್ಯೆಗಳನ್ನು, ಅದು ತನ್ನದೇ ಜನರ ಬೇರೆ ದನಿಗಳನ್ನು ಅಡಗಿಸಿದ್ದನ್ನು ಮರೆತು ಹೇಳುವ ಮಾತಲ್ಲ. ಪ್ರಭಾಕರನ್ ಸಹಿ ಹಾಕಿದ್ದರೂ ಈ ಕಾಗದ ಬಹುಕಾಲ ಬಾಳುತ್ತಿರಲಿಲ್ಲ ಎಂಬುದು ನನ್ನ ಅನಿಸಿಕೆ.

ನಮ್ಮ ವಿಧಿಗಳ ಬೀಗ ಎಷ್ಟು ಗಟ್ಟಿ? 371 ಎ, 371 ಜಿ ಅಡಿ ಸಂಸತ್ತಿನ ಕಾನೂನನ್ನು ತಡೆಯಲು ಅಲ್ಲಿನ ವಿಧಾನಸಭೆಗೆ ಹಕ್ಕಿದೆ. ಆದರೆ ಆ ವಿಧಿಗಳನ್ನೇ ತೆಗೆದುಹಾಕಲು 368ನೇ ವಿಧಿಯಂತೆ ಸಂಸತ್ತಿನ ಮೂರನೇ ಎರಡರಷ್ಟು ಬಹುಮತ ಸಾಕು, ಆ ರಾಜ್ಯಗಳ ಒಪ್ಪಿಗೆ ಬೇಕೆಂದು ಎಲ್ಲೂ ಬರೆದಿಲ್ಲ. 2019ರ ಆಗಸ್ಟ್‌ನಲ್ಲಿ 370ರ ವಿಶೇಷ ಸ್ಥಾನ ಹೋದಾಗ ಕೊಹಿಮಾ, ಐಜಾಲ್‌ಗಳಲ್ಲಿ ಆತಂಕ ಹುಟ್ಟಿದ್ದು ಇದರಿಂದಲೇ. 371 ಮುಟ್ಟುವುದಿಲ್ಲ ಎಂದು ಗೃಹಸಚಿವರು ಸಂಸತ್ತಿನಲ್ಲಿ ಭರವಸೆ ಕೊಡಬೇಕಾಯಿತು. ಭರವಸೆ ಒಳ್ಳೆಯದೇ. ಅದನ್ನು ವಿಧಿಯೊಳಗೇ ಒಂದು ಸಾಲಾಗಿ ಬರೆದಿದ್ದರೆ ಇನ್ನೂ ಒಳ್ಳೆಯದಿತ್ತು.

ಎರಡನೇ ದಾರಿ: ಹೊಸ ಸಂವಿಧಾನ ಸಭೆ

ಬಂಡುಕೋರರ ಬೇಡಿಕೆ ಒಂದು ಮೂಲೆಯ ನೆಲಕ್ಕೆ ಸಂಬಂಧಿಸಿದ್ದಲ್ಲದೆ ಇಡೀ ದೇಶದ ಆಳ್ವಿಕೆಯದ್ದಾದರೆ ವಿಶೇಷ ವಿಧಿ ಕೆಲಸಕ್ಕೆ ಬರುವುದಿಲ್ಲ. ನೇಪಾಳದ ಮಾವೋವಾದಿಗಳು 1996ರ ಫೆಬ್ರುವರಿಯಲ್ಲಿ ಯುದ್ಧ ಶುರುಮಾಡುವ ಮುನ್ನ ಇಟ್ಟ 40 ಬೇಡಿಕೆಗಳಲ್ಲೇ ಜನರಿಂದ ಆಯ್ಕೆಯಾದವರು ಸಂವಿಧಾನ ಬರೆಯಬೇಕೆಂಬುದಿತ್ತು. ಹತ್ತು ವರ್ಷದಲ್ಲಿ 13 ಸಾವಿರಕ್ಕೂ ಹೆಚ್ಚು ಜನ ಸತ್ತರು. 2006ರ ನವೆಂಬರ್ 21ರಂದು ಪ್ರಧಾನಿ ಗಿರಿಜಾ ಪ್ರಸಾದ್ ಕೊಯಿರಾಲ ಮತ್ತು ಮಾವೋವಾದಿ ನಾಯಕ ಪ್ರಚಂಡ ಸಹಿ ಹಾಕಿದ ಒಪ್ಪಂದದ ನಡುಗಂಬ ಅದೇ ಬೇಡಿಕೆ. 2008ರ ಏಪ್ರಿಲ್‌ನಲ್ಲಿ 601 ಸದಸ್ಯರ ಸಭೆಗೆ ಚುನಾವಣೆಯಾಗಿ ಮಾವೋವಾದಿಗಳೇ ದೊಡ್ಡ ಪಕ್ಷವಾದರು, ಮೇ 28ರಂದು ರಾಜಪ್ರಭುತ್ವ ಹೋಯಿತು.

ಈ ದಾರಿಯ ದೊಡ್ಡ ಬಲ ಇಲ್ಲಿದೆ: ಬಂಡುಕೋರರು ಬರೆಯುವವರೇ ಆಗುತ್ತಾರೆ. ತಾವೇ ಬರೆದದ್ದರ ವಿರುದ್ಧ ಮತ್ತೆ ಕಾಡಿಗೆ ಹೋಗುವುದು ಕಷ್ಟ. 2013ರಲ್ಲಿ ಮಾವೋವಾದಿಗಳು ಮೂರನೇ ಸ್ಥಾನಕ್ಕೆ ಕುಸಿದರು, ಗೊಣಗಿದರು, ಬಂದೂಕು ಎತ್ತಿಕೊಳ್ಳಲಿಲ್ಲ.

ಬೆಲೆಯೂ ದೊಡ್ಡದು. ಮೊದಲ ಸಭೆ ನಾಲ್ಕು ವರ್ಷ ಎಳೆದು, ಪ್ರಾಂತ್ಯಗಳನ್ನು ಜನಾಂಗದ ಗುರುತಿನ ಮೇಲೆ ಮಾಡಬೇಕೇ ಬೇಡವೇ ಎಂಬಲ್ಲಿ ಸಿಕ್ಕಿಕೊಂಡು, 2012ರ ಮೇ ತಿಂಗಳಲ್ಲಿ ಬರಿಗೈಯಲ್ಲಿ ಮುಗಿಯಿತು. ಎರಡನೇ ಸಭೆ 2015ರ ಏಪ್ರಿಲ್ ಭೂಕಂಪದ ನಂತರ ಅವಸರಕ್ಕೆ ಬಿತ್ತು. ದೊಡ್ಡ ಪಕ್ಷಗಳು ಒಂದಾಗಿ ಸೆಪ್ಟೆಂಬರ್ 20ರಂದು ಸಂವಿಧಾನ ಘೋಷಿಸಿದವು. ದಕ್ಷಿಣದ ಬಯಲುಸೀಮೆ ತರಾಯಿಯ ಮಧೇಶಿಗಳು, ಥಾರುಗಳು ಗಡಿರೇಖೆಗಳಲ್ಲಿ ತಮ್ಮನ್ನು ಹರಿದು ಹಂಚಿದ್ದಾರೆ ಎಂದು ಬೀದಿಗಿಳಿದರು. ಟಿಕಾಪುರದಲ್ಲಿ ಪೊಲೀಸರು, ಒಂದು ಪುಟ್ಟ ಮಗು ಬಲಿಯಾದರು. ಆ ತಿಂಗಳುಗಳಲ್ಲಿ 40ಕ್ಕೂ ಹೆಚ್ಚು ಜನ ಸತ್ತರು. ಒಂದು ಯುದ್ಧ ಮುಗಿಸುವ ಸಂವಿಧಾನ ಮತ್ತೊಂದು ಗಾಯ ತೆರೆಯಿತು. ಬಂದೂಕು ಇಲ್ಲದವರ ಮಾತನ್ನು ಬಂದೂಕು ಇದ್ದವರಷ್ಟು ತಾಳ್ಮೆಯಿಂದ ಯಾರೂ ಕೇಳಲಿಲ್ಲ ಎಂಬುದು ನನಗೆ ಈ ಕಥೆಯಲ್ಲಿ ಅತಿ ನೋವಿನ ಭಾಗ.

ಕೊಲಂಬಿಯಾ ಇನ್ನೊಂದು ಎಚ್ಚರಿಕೆ. 1990ರಲ್ಲಿ ಆಯುಧ ಬಿಟ್ಟ ಎಂ–19 ಬಣ ಮರುವರ್ಷದ ಸಂವಿಧಾನ ಸಭೆಯಲ್ಲಿ 70ರಲ್ಲಿ 19 ಸ್ಥಾನ ಗೆದ್ದು, ಒಳ್ಳೆಯ ಸಂವಿಧಾನ ಬರೆಯಲು ಕೈಜೋಡಿಸಿತು. ಸಭೆಗೆ ಮತದಾನ ನಡೆದ 1990ರ ಡಿಸೆಂಬರ್ 9ರಂದೇ ಸೇನೆ ಎಫ್‌ಎಆರ್‌ಸಿ ಗೆರಿಲ್ಲಾಗಳ ಕೇಂದ್ರದ ಮೇಲೆ ದಾಳಿ ಮಾಡಿತು. ಒಳಗೆ ಕೂತವರ ಯುದ್ಧ ಮುಗಿಯಿತು, ಹೊರಗುಳಿದ ಎಫ್‌ಎಆರ್‌ಸಿಯದ್ದು 2016ರವರೆಗೆ ನಡೆಯಿತು.

ಮೂರನೇ ದಾರಿ: ಅಧಿಕಾರ ಹಂಚಿಕೆ

ಎರಡು ಸಮುದಾಯ ಒಂದೇ ಬೀದಿಯಲ್ಲಿದ್ದರೆ ನೆಲ ಕತ್ತರಿಸಿ ಕೊಡುವುದು ಆಗದ ಮಾತು. ಆಗ ಕುರ್ಚಿಯನ್ನು ಹಂಚಬೇಕು. ಉತ್ತರ ಐರ್ಲೆಂಡಿನ 1998ರ ಏಪ್ರಿಲ್ 10ರ ಒಪ್ಪಂದ ಬಂದದ್ದು, ಬ್ರಿಟನ್ನಿನಲ್ಲೇ ಉಳಿಯಬೇಕೆನ್ನುವವರು ಮತ್ತು ಐರ್ಲೆಂಡ್ ಸೇರಬೇಕೆನ್ನುವವರ ನಡುವಿನ ಜಗಳದಲ್ಲಿ ಸುಮಾರು 3,500 ಜನ ಸತ್ತ ಮೇಲೆ. ಅಲ್ಲಿ ಮೊದಲ ಮಂತ್ರಿ, ಉಪ ಮೊದಲ ಮಂತ್ರಿ ಹೆಸರಿಗೆ ಮೇಲುಕೆಳಗೆ, ಅಧಿಕಾರದಲ್ಲಿ ಸಮಾನರು. ಒಬ್ಬರು ರಾಜೀನಾಮೆ ಕೊಟ್ಟರೆ ಇನ್ನೊಬ್ಬರೂ ಇಳಿಯಬೇಕು. ಮುಖ್ಯ ನಿರ್ಣಯಗಳಿಗೆ ಎರಡೂ ಸಮುದಾಯಗಳ ಸದಸ್ಯರ ಬೆಂಬಲ ಬೇಕು.

ಬೀಗದ ಪ್ರಶ್ನೆಗೆ ಇಲ್ಲಿ ಸಿಕ್ಕ ಉತ್ತರ ಬೇರೆಲ್ಲೂ ಸಿಕ್ಕಿಲ್ಲ. ಒಪ್ಪಂದವನ್ನು ಒಂದೇ ದಿನ, 1998ರ ಮೇ 22ರಂದು, ಗಡಿಯ ಎರಡೂ ಕಡೆ ಜನಮತಕ್ಕೆ ಇಟ್ಟರು. ಉತ್ತರದಲ್ಲಿ ಶೇ. 71, ದಕ್ಷಿಣದಲ್ಲಿ ಶೇ. 94 ಮಂದಿ ಒಪ್ಪಿದರು. ಇಡೀ ದ್ವೀಪ ನಮ್ಮದು ಎನ್ನುತ್ತಿದ್ದ ತನ್ನ ಸಂವಿಧಾನದ 2 ಮತ್ತು 3ನೇ ವಿಧಿಗಳನ್ನು ಐರ್ಲೆಂಡ್ ತಿದ್ದಿಕೊಂಡಿತು. ಉತ್ತರದ ಬಹುಮತ ಬಯಸಿದರೆ ಅದು ಬ್ರಿಟನ್ ಬಿಟ್ಟು ಹೋಗಬಹುದು ಎಂದು ಬ್ರಿಟನ್ ಕಾನೂನಿನಲ್ಲೇ ಬರೆಯಿತು. ಬೀಗದ ಕೈ ಲಂಡನ್ನಿನಲ್ಲೂ ಉಳಿಯಲಿಲ್ಲ, ಡಬ್ಲಿನ್‌ಗೂ ಹೋಗಲಿಲ್ಲ, ಬೆಲ್‌ಫಾಸ್ಟಿನ ಮತದಾರನ ಕೈಗೆ ಬಂತು.

ಸರ್ಕಾರ ಮಾತ್ರ ಪದೇಪದೇ ಸ್ಥಗಿತವಾಗುತ್ತದೆ: 2002ರಿಂದ 2007, 2017ರಿಂದ 2020, ಮತ್ತೆ 2022ರಿಂದ 2024. ಆಸ್ಪತ್ರೆಯ ಸಾಲುಗಳು ಬೆಳೆಯುತ್ತವೆ, ಸಭೆ ಸೇರುವುದಿಲ್ಲ. ಇದರ ಕೆಟ್ಟ ರೂಪ ಬೋಸ್ನಿಯಾ. 1995ರಲ್ಲಿ ಅಮೆರಿಕದ ಡೇಟನ್‌ನಲ್ಲಿ ಆದ ಶಾಂತಿ ಒಪ್ಪಂದದ 4ನೇ ಅನುಬಂಧವೇ ಆ ದೇಶದ ಸಂವಿಧಾನ. ಸುಮಾರು ಒಂದು ಲಕ್ಷ ಜನರನ್ನು ಕೊಂದ ಯುದ್ಧ ನಿಂತಿತು, ಆ ಉಪಕಾರ ಸಣ್ಣದಲ್ಲ. ಆದರೆ ಅಧ್ಯಕ್ಷ ಮಂಡಳಿಯಲ್ಲಿ ಒಬ್ಬ ಬೋಸ್ನಿಯಾಕ್, ಒಬ್ಬ ಕ್ರೋವಾಟ್, ಒಬ್ಬ ಸರ್ಬ್ ಎಂದು ಬರೆದುಬಿಟ್ಟರು. ರೋಮಾ ಸಮುದಾಯದ ಡೆರ್ವೊ ಸೆಜ್ಡಿಚ್, ಯಹೂದಿ ಯಾಕೋಬ್ ಫಿನ್ಸಿ ಅವರು ತಮ್ಮದೇ ದೇಶದಲ್ಲಿ ಆ ಸ್ಥಾನಕ್ಕೆ ಸ್ಪರ್ಧಿಸುವಂತಿರಲಿಲ್ಲ. ಇದು ಭೇದಭಾವ ಎಂದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2009ರಲ್ಲೇ ತೀರ್ಪು ಕೊಟ್ಟರೂ ತಿದ್ದುಪಡಿ ವರ್ಷಗಟ್ಟಲೆ ಮುಂದೆ ಹೋಗುತ್ತಲೇ ಬಂತು, ಏಕೆಂದರೆ ತಿದ್ದಬೇಕಾದವರು ಅದೇ ಪಾಲಿನಿಂದ ಗೆದ್ದು ಬಂದವರು. ಈ ದಾರಿ ಹಿಡಿಯುವವರು ಪಾಲು ಬರೆಯುವಾಗಲೇ ಅದನ್ನು ಮರುಪರಿಶೀಲಿಸುವ ದಿನವನ್ನೂ ಬರೆಯಬೇಕು.

ನಾಲ್ಕನೇ ದಾರಿ: ಎರಡು ಹೆಜ್ಜೆಯಲ್ಲಿ

ಇದನ್ನು ಚಿಕ್ಕದಾಗಿ ಹೇಳುತ್ತೇನೆ, ಕಾರಣ ಇದು ಉಳಿದವುಗಳ ಜೊತೆ ಸೇರಿಸಿಕೊಳ್ಳುವ ವಿಧಾನ. ದಕ್ಷಿಣ ಆಫ್ರಿಕಾ 1993ರಲ್ಲಿ ಮಧ್ಯಂತರ ಸಂವಿಧಾನ ಮಾಡಿಕೊಂಡಿತು. ಅದರಲ್ಲಿ 34 ತತ್ವಗಳನ್ನು ಬರೆದು, ಚುನಾಯಿತ ಸಭೆ ಮುಂದೆ ಏನೇ ಬರೆದರೂ ಇವನ್ನು ಮೀರುವಂತಿಲ್ಲ ಎಂದರು. ಬಹುಸಂಖ್ಯಾತ ಕಪ್ಪುಜನರಿಗೆ ಚುನಾವಣೆ ಸಿಕ್ಕಿತು, ಬಿಳಿಯರಿಗೆ ಖಾತರಿ ಸಿಕ್ಕಿತು. ಕೆಲ ವರ್ಷ ಜೊತೆಯಾಗಿ ಸರ್ಕಾರ ನಡೆಸೋಣ, ಆಮೇಲೆ ಆ ಏರ್ಪಾಡು ತಾನಾಗಿ ಮುಗಿಯಲಿ ಎಂಬ ಸಲಹೆ ಬಂದದ್ದು ಕಮ್ಯುನಿಸ್ಟ್ ನಾಯಕ ಜೋ ಸ್ಲೋವೊ ಅವರಿಂದ. ಬೋಸ್ನಿಯಾದಲ್ಲಿ ಇಲ್ಲದ್ದು ಇದೇ ಮುಗಿತಾಯದ ದಿನಾಂಕ. 1996ರ ಸೆಪ್ಟೆಂಬರ್‌ನಲ್ಲಿ ಸಭೆ ಬರೆದ ಕರಡನ್ನು ಸಂವಿಧಾನ ನ್ಯಾಯಾಲಯ ತತ್ವಗಳಿಗೆ ಹೊಂದುವುದಿಲ್ಲ ಎಂದು ವಾಪಸ್ ಕಳಿಸಿತು, ತಿದ್ದಿ ತಂದ ಮೇಲೆ ಡಿಸೆಂಬರ್‌ನಲ್ಲಿ ಒಪ್ಪಿತು. ಮಂಡೇಲಾ ಅವರ ಸರ್ಕಾರ ಮರುಮಾತಿಲ್ಲದೆ ಅದನ್ನು ಪಾಲಿಸಿತು.

ಆರಿಸುವಾಗ

ಆಯುಧ ಹಿಡಿದವರು ಒಂದೇ ಸಂಘಟನೆ, ಕೇಳುತ್ತಿರುವುದು ಒಂದು ಗಡಿಯೊಳಗಿನ ನೆಲ ಎಂದಾದರೆ ವಿಶೇಷ ವಿಧಿಯೇ ಬೇಗನೆ ಆಗುವ, ಕಡಿಮೆ ನೋವಿನ ದಾರಿ. ಅದರಲ್ಲಿ ಎರಡು ಸಾಲು ಕಡ್ಡಾಯವಾಗಿ ಇರಲಿ ಎನ್ನುತ್ತೇನೆ: ಆ ಪ್ರದೇಶದ ಸಭೆಯ ಒಪ್ಪಿಗೆಯಿಲ್ಲದೆ ವಿಧಿಯನ್ನು ತೆಗೆಯುವಂತಿಲ್ಲ ಎಂಬುದು ಒಂದು, ಅಲ್ಲಿನ ಸಣ್ಣ ಸಮುದಾಯಗಳ ರಕ್ಷಣೆ ಇನ್ನೊಂದು. ಬಣಗಳು ಹಲವಾದರೆ ಸಿಕ್ಕವರ ಜೊತೆ ಬೇಗ ಸಹಿ ಹಾಕಿಸುವ ಆಸೆ ಬರುತ್ತದೆ. ನಾಗಾಲ್ಯಾಂಡಿನ ಅರವತ್ತು ವರ್ಷ ಆ ಆಸೆಯ ಲೆಕ್ಕ.

ಪ್ರಶ್ನೆ ಇಡೀ ದೇಶದ ಅಧಿಕಾರದ್ದಾದರೆ ಸಂವಿಧಾನ ಸಭೆ ತಪ್ಪದು. ಗಡುವು ಇರಲಿ, ಆದರೆ ಭೂಕಂಪವನ್ನೋ ಬಿಕ್ಕಟ್ಟನ್ನೋ ನೆಪ ಮಾಡಿಕೊಂಡು ಕೊನೆಯ ತಿಂಗಳಲ್ಲಿ ಗಡಿರೇಖೆ ಎಳೆಯಬಾರದು. ಬೀದಿ ಒಂದೇ, ಸಮುದಾಯ ಎರಡಾದರೆ ಅಧಿಕಾರ ಹಂಚಿಕೆ, ಮುಗಿತಾಯದ ದಿನಾಂಕದ ಜೊತೆ. ನಂಬಿಕೆ ಪೂರ್ತಿ ಒಣಗಿದ್ದಲ್ಲಿ ಮೊದಲು ಮಧ್ಯಂತರ.

ಯಾವುದನ್ನೇ ಆರಿಸಿದರೂ ಸಂವಿಧಾನ ಮಾಡಲಾಗದ ಕೆಲಸಗಳು ಬೇರೆ ಕಾಗದದಲ್ಲಿ ಇರಬೇಕು. ನೇಪಾಳದಲ್ಲಿ ವಿಶ್ವಸಂಸ್ಥೆ 19,602 ಮಾವೋವಾದಿ ಯೋಧರನ್ನು ಗುರುತಿಸಿತ್ತು, ಸೇನೆ ಸೇರಿದವರು ಕೊನೆಗೆ ಸುಮಾರು 1,400. ಉಳಿದವರು ಹಣ ಪಡೆದು ಮನೆಗೆ ಹೋದರು. ನಾಪತ್ತೆಯಾದವರ ತನಿಖೆಗೆ ಆಯೋಗ ಬಂದದ್ದು 2015ರಲ್ಲಿ. ಅಷ್ಟರಲ್ಲಿ ಎಷ್ಟೋ ತಾಯಂದಿರಿಗೆ ಮಗನ ಫೋಟೋ ಹಿಡಿದು ನಿಂತು ಒಂಬತ್ತು ವರ್ಷಕ್ಕೂ ಮೇಲಾಗಿತ್ತು. ಉತ್ತರ ಐರ್ಲೆಂಡಿನಲ್ಲಿ ಕೈದಿಗಳು ಎರಡು ವರ್ಷದಲ್ಲಿ ಬಿಡುಗಡೆಯಾದರು, ಐರ್ಲೆಂಡ್ ಸೇರಲು ಬಂದೂಕು ಹಿಡಿದಿದ್ದ ಐಆರ್‌ಎ ತನ್ನ ಆಯುಧ ನಾಶಪಡಿಸಿದ್ದು 2005ರಲ್ಲಿ. ಈ ನಡುವಿನ ವರ್ಷಗಳನ್ನು ಹೊಟ್ಟೆಗೆ ಹಾಕಿಕೊಳ್ಳುವ ಸಹನೆ ಎರಡೂ ಕಡೆ ಇತ್ತು.

ಒಂದು ದಾರಿ ಫಲಿಸಿತೇ ಎಂದು ತಿಳಿಯಲು ನಾನು ಸತ್ತವರ ಸಂಖ್ಯೆ ಇಳಿದದ್ದರ ಜೊತೆಗೆ ಇನ್ನೊಂದನ್ನು ನೋಡುತ್ತೇನೆ: ಸೋತವರು ಏನು ಮಾಡಿದರು. ಲಾಲ್‌ಡೆಂಗಾ ಅವರ ಜೊತೆ 1966ರಲ್ಲಿ ಕಾಡು ಸೇರಿದ ಯುವಕರಲ್ಲಿ ಜೋರಂಥಂಗಾ ಒಬ್ಬರು. ಮುಂದೆ ಅವರು ಮಿಜೋರಾಂನ ಮುಖ್ಯಮಂತ್ರಿಯಾದರು, 1998ರಲ್ಲಿ ಮೊದಲು, 2018ರಲ್ಲಿ ಮತ್ತೊಮ್ಮೆ. 2023ರ ಡಿಸೆಂಬರ್ 4ರಂದು ಮತ ಎಣಿಸಿದಾಗ ಅವರ ಪಕ್ಷವೂ ಸೋತಿತು, ತಮ್ಮ ಕ್ಷೇತ್ರದಲ್ಲಿ ಅವರೂ ಸೋತರು. ಅವರ ಬದಲು ಮುಖ್ಯಮಂತ್ರಿಯಾದವರು ಲಾಲ್‌ದುಹೋಮಾ, ಒಂದು ಕಾಲಕ್ಕೆ ಇಂದಿರಾ ಗಾಂಧಿಯವರ ಭದ್ರತೆಯಲ್ಲಿದ್ದ ಪೊಲೀಸ್ ಅಧಿಕಾರಿ. ಮತ ಎಣಿಸಿದ ದಿನವೇ ಜೋರಂಥಂಗಾ ರಾಜಭವನಕ್ಕೆ ಹೋಗಿ ರಾಜೀನಾಮೆ ಕೊಟ್ಟರು.